ಬೆಲೆ ತಿಳಿಯುವ ಮುನ್ನ ಕೊಟ್ಟ ಮಾತು

ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಎಷ್ಟು ಹಣ ತೆರಬೇಕಾದೀತೆಂಬುದು ತಿಳಿಯದಿರುವಾಗಲೇ ಕೊಡಬೇಕಾಗಿ ಬಂದ ಮಾತು ಎಷ್ಟರಮಟ್ಟಿಗೆ ಬಂಧಿಸುತ್ತದೆ? ಹದಿನೇಳು ವರ್ಷದ ಮಗು ಅಂಥ ಮಾತು ಕೊಟ್ಟರೆ ಅದರ ಹೊಣೆ ಯಾರದು? ಅಮೆರಿಕದ ಅನೇಕ ಕಾಲೇಜುಗಳಲ್ಲಿ ರೂಢಿಯಲ್ಲಿರುವ ‘ಅರ್ಲಿ ಡಿಸಿಷನ್’ ಎಂಬ ಪ್ರವೇಶಕ್ರಮವು ಈ ಪ್ರಶ್ನೆಯನ್ನು ಪ್ರತಿ ವರ್ಷವೂ ಸಾವಿರಾರು ಮನೆಗಳ ಮುಂದಿಡುತ್ತದೆ. ಆ ದೇಶದಲ್ಲಿ ನೆಲೆಸಿರುವ ನಮ್ಮವರ ಮನೆಗಳೂ, ಬೆಂಗಳೂರಿನಂಥ ಊರುಗಳಿಂದ ಮಕ್ಕಳನ್ನು ಪದವಿ ವ್ಯಾಸಂಗಕ್ಕೆ ಅಲ್ಲಿಗೆ ಕಳುಹಿಸಬಯಸುವ ಮನೆಗಳೂ ಇವುಗಳಲ್ಲಿ ಸೇರಿವೆ.

ಕ್ರಮವು ಹೀಗಿದೆ. ವಿದ್ಯಾರ್ಥಿಯು ನವೆಂಬರ್ ತಿಂಗಳ ಆರಂಭದಲ್ಲಿ ಒಂದೇ ಒಂದು ಕಾಲೇಜಿಗೆ ಈ ಬಗೆಯ ಅರ್ಜಿ ಸಲ್ಲಿಸುತ್ತಾನೆ. ಪ್ರವೇಶ ದೊರೆತರೆ ಅಲ್ಲಿಗೇ ಸೇರುವೆನೆಂದೂ, ಬೇರೆ ಕಾಲೇಜುಗಳಿಗೆ ಕಳುಹಿಸಿದ ಅರ್ಜಿಗಳನ್ನೆಲ್ಲ ಹಿಂತೆಗೆದುಕೊಳ್ಳುವೆನೆಂದೂ ಬರೆದುಕೊಡುತ್ತಾನೆ. ಆ ಪತ್ರಕ್ಕೆ ಮೂವರ ಸಹಿ ಬೀಳುತ್ತದೆ: ವಿದ್ಯಾರ್ಥಿಯದು, ಪೋಷಕರದು, ಶಾಲೆಯ ಸಲಹೆಗಾರರದು. ಉತ್ತರ ಬರುವುದು ಡಿಸೆಂಬರ್ ಮಧ್ಯದಲ್ಲಿ. ಸಾಮಾನ್ಯ ಕ್ರಮದಲ್ಲಿ ಅರ್ಜಿ ಹಾಕಿದವನು ವಸಂತಕಾಲದಲ್ಲಿ ನಾಲ್ಕೈದು ಕಾಲೇಜುಗಳ ಉತ್ತರಗಳನ್ನೂ ಅವು ಕೊಡುವ ಸಹಾಯಧನದ ಪತ್ರಗಳನ್ನೂ ಎದುರಿಗಿಟ್ಟುಕೊಂಡು ಮೇ 1ರೊಳಗೆ ಒಂದನ್ನು ಆರಿಸಿಕೊಳ್ಳಬಹುದು. ಮೊದಲೇ ಮಾತು ಕೊಟ್ಟವನಿಗೆ ಆ ತುಲನೆಯ ಅವಕಾಶವಿಲ್ಲ.

ವ್ಯಾಪಾರದಲ್ಲಿ ದರವನ್ನು ವಿಚಾರಿಸದೆ ಸರಕನ್ನು ಒಪ್ಪಿಕೊಳ್ಳುವವನನ್ನು ಯಾರೂ ಜಾಣನೆನ್ನರು. ಎರಡು ಅಂಗಡಿಗಳಲ್ಲಿ ಕೇಳಿ ನೋಡುವುದು ಅಪನಂಬಿಕೆಯಲ್ಲ, ಗೃಹಸ್ಥನ ಕರ್ತವ್ಯ. ಇಲ್ಲಿ ಸರಕಾದರೋ ಸಣ್ಣದಲ್ಲ. ಕೆಲವು ಖಾಸಗಿ ಕಾಲೇಜುಗಳಲ್ಲಿ ವಾಸ, ಊಟ ಸೇರಿ ವರ್ಷದ ವೆಚ್ಚ 90,000 ಡಾಲರುಗಳನ್ನು ದಾಟಿದೆ, ಅಂಥ ನಾಲ್ಕು ವರ್ಷಗಳು. ಆದರೂ ಜನರೇಕೆ ಒಪ್ಪುತ್ತಾರೆ? ಮಾತು ಕೊಟ್ಟವನಿಗೆ ಪ್ರವೇಶ ಸುಲಭವಾಗಿ ದೊರೆಯುವುದೆಂಬ ಕಾರಣಕ್ಕೆ. ಕ್ರಿಸ್ಟೋಫರ್ ಏವರಿ, ಆಂಡ್ರೂ ಫೇರ್‌ಬ್ಯಾಂಕ್ಸ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಗ್ರಂಥವು, ಮುಂಚಿತವಾಗಿ ಅರ್ಜಿ ಹಾಕುವುದರಿಂದ ದೊರೆಯುವ ಲಾಭವು ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದುದಕ್ಕೆ ಸಮವೆಂದು ಲೆಕ್ಕ ಹಾಕಿತು. ಅಂದಮೇಲೆ ಕಾಲೇಜು ಇಲ್ಲಿ ವಿಕ್ರಯಿಸುತ್ತಿರುವುದು ಅನುಕೂಲವನ್ನು. ಪಡೆಯುತ್ತಿರುವ ಮೌಲ್ಯ, ವಿದ್ಯಾರ್ಥಿಯ ತುಲನೆಯ ಸ್ವಾತಂತ್ರ್ಯ. ಧನಿಕನಿಗೆ ಆ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದು ಕಷ್ಟವಲ್ಲ, ಯಾವ ಮೊತ್ತ ಬಂದರೂ ಅವನು ತೆತ್ತಾನು. ಸಂಬಳದ ಮೇಲೆ ನಿಂತ ಮನೆಗೆ ಅದೊಂದೇ ರಕ್ಷೆ. ಒಂದೇ ಮಾತನ್ನು ಇಬ್ಬರ ಬಾಯಲ್ಲಿಯೂ ಆಡಿಸಲಾಗಿದೆ, ಆದರೆ ಅದರ ಭಾರ ಇಬ್ಬರಿಗೂ ಒಂದೇ ಅಲ್ಲ.

ಈ ಅಸಮತೆ ಆ ಸಂಸ್ಥೆಗಳಿಗೇ ಕಾಣದೆ ಹೋಗಿಲ್ಲ. 2006ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಮತ್ತು ವರ್ಜೀನಿಯ ವಿಶ್ವವಿದ್ಯಾಲಯಗಳು, ಮುಂಚಿತ ಪ್ರವೇಶವು ಅನುಕೂಲಸ್ಥರಿಗೇ ಅನುಕೂಲವೆಂದು ಹೇಳಿ ಅದನ್ನು ಕೈಬಿಡುವುದಾಗಿ ಪ್ರಕಟಿಸಿದವು. ಇತರ ಸಂಸ್ಥೆಗಳು ಬಹುಮಟ್ಟಿಗೆ ಹಿಂಬಾಲಿಸಲಿಲ್ಲ. 2011ರಲ್ಲಿ ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್‌ಗಳು ಮುಂಚಿತ ಪ್ರವೇಶಕ್ಕೆ ಮರಳಿದವು, ಆದರೆ ಸೇರಲೇಬೇಕೆಂಬ ಕಟ್ಟಿಲ್ಲದೆ. ವರ್ಜೀನಿಯ 2019ರಲ್ಲಿ ಕಟ್ಟುಳ್ಳ ಕ್ರಮವನ್ನೇ ಮತ್ತೆ ತಂದಿತು. 2023ರಲ್ಲಿ ವರ್ಜೀನಿಯ ಟೆಕ್ ಅದನ್ನು ಬಿಟ್ಟಿತು. 2025ರ ಆಗಸ್ಟ್‌ನಲ್ಲಿ, ಈ ಕ್ರಮವು ಪೈಪೋಟಿಯನ್ನು ಕುಂದಿಸಿ ಶುಲ್ಕವನ್ನು ಏರಿಸುತ್ತದೆಂಬ ಆರೋಪದ ಮೇಲೆ 32 ಕಾಲೇಜುಗಳ ವಿರುದ್ಧ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಲಾಯಿತು. ಕಟ್ಟಿಲ್ಲದ ಮುಂಚಿತ ಪ್ರವೇಶವೂ ಸಾಧ್ಯವೆಂದು ಹಾರ್ವರ್ಡಿನ ಉದಾಹರಣೆ ತೋರಿಸುವಾಗ, ಕಟ್ಟು ಅನಿವಾರ್ಯವೆಂಬ ವಾದ ನಿಲ್ಲುವುದು ಕಷ್ಟ.

ಕಾಲೇಜುಗಳ ಪಕ್ಷದಲ್ಲಿಯೂ ಹೇಳತಕ್ಕದ್ದಿದೆ. ಎಷ್ಟು ಮಂದಿ ನಿಶ್ಚಯವಾಗಿ ಬರುವರೆಂಬುದು ಅವುಗಳಿಗೆ ತಿಳಿಯಬೇಕು. ಕೆಲವು ಕಾಲೇಜುಗಳು, ವಿದ್ಯಾರ್ಥಿಯ ‘ಅಗತ್ಯ’ವನ್ನು ಪೂರ್ಣವಾಗಿ ತುಂಬಿಕೊಡುವ ಭರವಸೆಯನ್ನೂ ನೀಡಿವೆ, ಅದನ್ನು ನಡೆಸಿಯೂ ಇವೆ. ಆದರೆ ಆ ಅಗತ್ಯವನ್ನು ಅಳೆಯುವವರು ಕಾಲೇಜಿನವರು, ಮನೆಯವರಲ್ಲ. ಅಳತೆಯ ಕೋಲು ಒಬ್ಬನ ಕೈಯಲ್ಲೇ ಇದ್ದಾಗ ಇನ್ನೊಬ್ಬನಿಗೆ ಇರುವ ಉಪಾಯ, ಎರಡನೆಯ ಕಡೆ ಅಳೆಸಿ ನೋಡುವುದು. ಅದನ್ನೇ ಇಲ್ಲಿ ಬಿಟ್ಟುಕೊಡಲಾಗಿದೆ. ಅರ್ಹತೆಯ ಮೇಲೆ ವೇತನ ಕೊಟ್ಟು ವಿದ್ಯಾರ್ಥಿಗಳನ್ನು ಸೆಳೆಯುವ ಕಾಲೇಜಿಗೂ, ಆಗಲೇ ಬಂದು ಸೇರಿದಂತಾದವನನ್ನು ಇನ್ನಷ್ಟು ಸೆಳೆಯುವ ಕಾರಣ ಉಳಿಯುವುದಿಲ್ಲ.

ಕಣ್ಣು ಮುಚ್ಚಿಕೊಂಡೇ ಸಹಿ ಮಾಡಬೇಕಾದ ಸ್ಥಿತಿ ಈಗ ಪೂರ್ತಿಯಾಗಿ ಇಲ್ಲವೆಂಬುದನ್ನೂ ಒಪ್ಪಬೇಕು. 2008ರ ಅಮೆರಿಕದ ಕಾಯಿದೆಯೊಂದರ ಪ್ರಕಾರ 2011ರಿಂದ ಅಲ್ಲಿನ ಕಾಲೇಜುಗಳು, ಸಹಾಯಧನ ಕಳೆದು ಉಳಿಯುವ ವೆಚ್ಚವನ್ನು ಅಂದಾಜು ಮಾಡುವ ಲೆಕ್ಕದ ಸಾಧನವನ್ನು ಎಲ್ಲರಿಗೂ ದೊರೆಯುವಂತೆ ಇಡಬೇಕಾಗಿದೆ. ಸಂಬಳವೊಂದೇ ಆದಾಯವಾಗಿರುವ, ಆ ದೇಶದಲ್ಲೇ ಇರುವ ಮನೆಗೆ ಅದು ಬಹುಮಟ್ಟಿಗೆ ಸರಿಯಾದ ದಾರಿ ತೋರಿಸೀತು. ಸ್ವಂತ ವ್ಯಾಪಾರವುಳ್ಳವರಿಗೆ ಅದರ ಅಂದಾಜು ತಪ್ಪುವುದೇ ಹೆಚ್ಚು. ಅಂಗಡಿಯಲ್ಲಿರುವ ದಾಸ್ತಾನು ಕಾಗದದ ಮೇಲೆ ಆಸ್ತಿ. ಅದನ್ನು ಮಾರಿ ಶುಲ್ಕ ಕಟ್ಟಿದರೆ ಮರುದಿನ ಬಾಗಿಲು ತೆರೆಯುವಂತಿಲ್ಲ. ಇದು ಲೆಕ್ಕ ಬಲ್ಲವನಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯನ್ನು ಅದರ ಕೋಷ್ಟಕಗಳಲ್ಲಿ ತುಂಬಿಸುವುದಂತೂ ಇನ್ನೂ ಕಷ್ಟ. ಅಂಥ ಮನೆಯವರು ಅರ್ಜಿಗೆ ಮೊದಲೇ ಕಾಲೇಜಿನ ಸಹಾಯಧನದ ಕಚೇರಿಗೆ ತಮ್ಮ ಲೆಕ್ಕಪತ್ರಗಳನ್ನು ತೋರಿಸಿ ವಿಚಾರಿಸುವುದು ಲೇಸು.

ಈಗ ಮೂಲ ಪ್ರಶ್ನೆಗೆ ಬರೋಣ. ಒಪ್ಪಂದಪತ್ರದಲ್ಲೇ ಒಂದು ವಿನಾಯಿತಿ ಇದೆ: ದೊರೆತ ಸಹಾಯಧನವು ವ್ಯಾಸಂಗವನ್ನು ಸಾಧ್ಯವಾಗಿಸದಿದ್ದರೆ ವಿದ್ಯಾರ್ಥಿಯು ಬಿಡುಗಡೆ ಕೇಳಬಹುದು. ಇದನ್ನು ಬಳಸಿಕೊಂಡವನು ಮಾತಿಗೆ ತಪ್ಪಿದವನೇ? ಅಲ್ಲ. ಶರತ್ತಿನೊಡನೆ ಕೊಟ್ಟ ಮಾತಿನಲ್ಲಿ ಶರತ್ತೂ ಮಾತಿನ ಭಾಗವೇ. ವ್ರತವನ್ನು ಶಕ್ತಿಗೆ ತಕ್ಕಂತೆ ಸ್ವೀಕರಿಸಬೇಕೆಂದೇ ಗೃಹಸ್ಥನಿಗೆ ಅಣುವ್ರತಗಳನ್ನು ವಿಧಿಸಿರುವ ಪರಂಪರೆಗೆ ಇದು ಹೊಸ ವಿಚಾರವಲ್ಲ. ಆದರೆ ಸೇರುವ ಸಂಕಲ್ಪವೇ ಇಲ್ಲದೆ, ‘ಮೊದಲು ಸಿಗಲಿ, ಬೇಡವಾದರೆ ಹಣದ ನೆಪ ಹೇಳಿದರಾಯಿತು’ ಎಂದು ಸಹಿ ಮಾಡುವುದು ಅಸತ್ಯ. ಆ ಅಸತ್ಯದ ಫಲ ಅದನ್ನಾಡಿದವನಲ್ಲೇ ನಿಲ್ಲುವುದಿಲ್ಲ. 2025ರಲ್ಲಿ ಟುಲೇನ್ ವಿಶ್ವವಿದ್ಯಾಲಯವು, ವಿದ್ಯಾರ್ಥಿಯೊಬ್ಬರು ಮಾತಿನಿಂದ ಹಿಂದೆ ಸರಿದರೆಂದು, ಅದೇ ಶಾಲೆಯ ಮುಂದಿನ ತಂಡದ ಮಕ್ಕಳು ಈ ಕ್ರಮದಲ್ಲಿ ಅರ್ಜಿ ಹಾಕದಂತೆ ಒಂದು ವರ್ಷ ತಡೆಯಿತು. ಒಬ್ಬರ ನಡತೆಗೆ ಅರಿಯದ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲ. ಆದರೂ ಸಲಹೆಗಾರರ ಮೂರನೆಯ ಸಹಿ ಏಕೆ ಇದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಾರತದಿಂದ ಅರ್ಜಿ ಹಾಕುವವರಲ್ಲಿ ಇನ್ನೊಂದು ಬಗೆಯ ಪ್ರಲೋಭನೆ ಉಂಟು. ವಿದೇಶೀ ವಿದ್ಯಾರ್ಥಿಯ ಹಣದ ಅಗತ್ಯವನ್ನು ಗಣಿಸದೆ ಪ್ರವೇಶ ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು ಮಾತ್ರ. ಉಳಿದೆಡೆ ಸಹಾಯ ಕೇಳಿದವನ ಅವಕಾಶ ತಗ್ಗುತ್ತದೆ. ಆದುದರಿಂದ ‘ಈಗ ಸಹಾಯ ಬೇಡವೆಂದು ಬರೆಯೋಣ, ಸೇರಿದ ಮೇಲೆ ಕೇಳೋಣ’ ಎಂಬ ಸಲಹೆ ಪ್ರಚಾರದಲ್ಲಿದೆ. ಇದು ಅಸತ್ಯವಷ್ಟೇ ಅಲ್ಲ, ಅವಿವೇಕವೂ ಹೌದು. ಮೊದಲು ಕೇಳದ ವಿದೇಶೀ ವಿದ್ಯಾರ್ಥಿಗೆ ಮುಂದಿನ ನಾಲ್ಕು ವರ್ಷವೂ ಸಹಾಯವಿಲ್ಲವೆಂಬ ನಿಯಮ ಅನೇಕ ಕಾಲೇಜುಗಳಲ್ಲಿದೆ. ಸಹಾಯವನ್ನೇ ಕೇಳದವನು, ಸಹಾಯ ಸಾಲದೆಂದು ಬಿಡುಗಡೆ ಕೇಳುವ ದಾರಿಯನ್ನೂ ಮುಚ್ಚಿಕೊಂಡಂತಾಯಿತು. ರೂಪಾಯಿಯಲ್ಲಿ ಗಳಿಸಿ ಡಾಲರಿನಲ್ಲಿ ತೆರಬೇಕಾದವನು ವಿನಿಮಯದ ದರವನ್ನೂ ನೆನೆಯಬೇಕು. 2011ರ ಆರಂಭದಲ್ಲಿ ಸುಮಾರು 45 ರೂಪಾಯಿ ಇದ್ದ ಡಾಲರು 2024ರಲ್ಲಿ 83ನ್ನು ದಾಟಿತ್ತು. ನಾಲ್ಕು ವರ್ಷಗಳ ಮಾತನ್ನು ಮೊದಲ ವರ್ಷದ ದರದಲ್ಲಿ ತೂಗಲಾಗದು.

ಮಗುವಿನ ಸಹಿಗಿಂತ ತಂದೆತಾಯಿಗಳ ಸಹಿಯೇ ಇಲ್ಲಿ ಗುರುತರ. ಮನೆಯ ಆದಾಯವೆಷ್ಟು, ಸಾಲವೆಷ್ಟು, ತಂಗಿಯ ಓದಿಗೆ ತೆಗೆದಿರಿಸಬೇಕಾದುದೆಷ್ಟು ಎಂಬುದು ಮಗುವಿಗೆ ತಿಳಿದಿರುವುದಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ಹೇಳುವ ಪದ್ಧತಿಯೂ ಇಲ್ಲ. ‘ನೀನು ಓದು, ಹಣದ ಚಿಂತೆ ನಮಗಿರಲಿ’ ಎಂಬ ವಾತ್ಸಲ್ಯದ ಮಾತು ಡಿಸೆಂಬರಿನಲ್ಲಿ ‘ಇಷ್ಟು ನಮ್ಮಿಂದಾಗದು’ ಎಂದಾಗಿ ಬದಲಾದರೆ, ಮಾತು ತಪ್ಪಿದ ನೋವು ಮಗುವಿನ ಪಾಲಿಗೆ ಬರುತ್ತದೆ. ಅಕ್ಟೋಬರಿನಲ್ಲೇ ಮಗುವನ್ನು ಎದುರಿಗೆ ಕೂರಿಸಿಕೊಂಡು, ವರ್ಷಕ್ಕೆ ಇಷ್ಟರವರೆಗೆ ಸಾಧ್ಯ, ಅದನ್ನು ಮೀರಿದರೆ ಬಿಡುಗಡೆ ಕೇಳತಕ್ಕದ್ದೆಂದು ಒಂದು ಅಂಕೆಯನ್ನು ಬರೆದಿಡುವುದು ಕಠಿಣವಾಗಿ ಕಂಡರೂ ಪ್ರೀತಿಯ ಕೆಲಸವೇ. ಅಂಕೆ ಮೊದಲೇ ಬರೆದಿದ್ದರೆ ವಿನಾಯಿತಿ ಕೇಳುವಾಗಲೂ ಅದು ನೆಪವಾಗದು.

ವಿದ್ಯಾರ್ಥಿವೇತನ ಕೊಡುವ ಟ್ರಸ್ಟುಗಳಿಗೂ ಇದರಲ್ಲಿ ಒಂದು ಸಣ್ಣ ಸೂಚನೆಯುಂಟು. ಹೊರಗಿನಿಂದ ವೇತನ ಬಂದರೆ ಕೆಲವು ಕಾಲೇಜುಗಳು ತಮ್ಮ ಸಹಾಯಧನವನ್ನು ಅಷ್ಟೇ ಇಳಿಸುತ್ತವೆ. ಆಗ ದಾನದ ಫಲ ದೊರೆಯುವುದು ವಿದ್ಯಾರ್ಥಿಗಲ್ಲ, ಕಾಲೇಜಿನ ಬೊಕ್ಕಸಕ್ಕೆ. ಮಂಜೂರು ಮಾಡುವ ಮುನ್ನ ಇದನ್ನು ವಿಚಾರಿಸಬೇಕು; ನಿರ್ಧಾರವನ್ನು ಜೂನ್ ತಿಂಗಳವರೆಗೆ ತಳ್ಳದೆ ಕುಟುಂಬವು ಸಹಿ ಮಾಡುವ ಮೊದಲೇ ತಿಳಿಸಿದರೆ ಅದರ ಉಪಯೋಗ ಇಮ್ಮಡಿ.

ಕೊನೆಗೆ ಕಾಲದ ಒಂದು ಮಾತು. ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ, ಸಾಮಾನ್ಯ ಕ್ರಮದ ಅರ್ಜಿಗಳ ಕೊನೆಯ ದಿನ ಅನೇಕ ಕಾಲೇಜುಗಳಲ್ಲಿ ಜನವರಿಯ ಮೊದಲ ದಿನಗಳಲ್ಲೇ ಇರುತ್ತದೆ. ಪ್ರವೇಶ ದೊರೆಯದಿದ್ದವನಿಗೂ, ಸಹಾಯಧನ ಸಾಲದೆ ಬಿಡುಗಡೆ ಪಡೆದವನಿಗೂ ನಡುವೆ ಉಳಿಯುವುದು ಎರಡು ವಾರ ಮಾತ್ರ, ಅದೂ ರಜೆಯ ದಿನಗಳು. ಬೇರೆ ಅರ್ಜಿಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ಕೊಟ್ಟ ಮಾತಿನಲ್ಲಿ ಅಪನಂಬಿಕೆ ತೋರಿದಂತೆ ಎಂದು ಕೆಲವು ಮಕ್ಕಳು ಸಂಕೋಚಪಡುತ್ತಾರೆ. ಒಪ್ಪಂದವು ನಿಷೇಧಿಸುವುದು ಪ್ರವೇಶ ದೊರೆತ ಮೇಲೂ ಆ ಅರ್ಜಿಗಳನ್ನು ಉಳಿಸಿಕೊಳ್ಳುವುದನ್ನು, ಅದಕ್ಕೆ ಮೊದಲು ಬರೆದಿಡುವುದನ್ನಲ್ಲ. ಅವುಗಳಲ್ಲಿ ಒಂದೆರಡಾದರೂ, ಸಹಾಯಧನ ಏನೂ ದೊರೆಯದಿದ್ದರೂ ಮನೆಯವರು ತೆರಬಲ್ಲ ಶುಲ್ಕದ ಕಾಲೇಜುಗಳಾಗಿರಬೇಕು.