ಉಪವಾಸವೂ ಹಸಿವೂ

ನಮ್ಮ ಕಚೇರಿಯಲ್ಲಿ ಮಧ್ಯಾಹ್ನ ಒಂದೂವರೆಗೆ ಡಬ್ಬಿ ಬಿಚ್ಚುತ್ತೇವೆ. ನಾಲ್ವರು ಕೂಡುವ ಮೇಜು. ಅವರಲ್ಲಿ ಒಬ್ಬರು ಜೈನರು, ನನಗಿಂತ ಹತ್ತು ವರ್ಷ ಹಿರಿಯರು. ಕೆಲವು ವರ್ಷಗಳ ಹಿಂದೆ, ತಪಸ್ಸುಕಾಲದ ಒಂದು ಶುಕ್ರವಾರ, ಅವರು ನನ್ನ ಡಬ್ಬಿಯ ಕಡೆ ನೋಡಿ ಇವತ್ತೇನು ವಿಶೇಷವೆಂದು ಕೇಳಿದರು. ಈಸ್ಟರ್ ಹಬ್ಬಕ್ಕೆ ಮುಂಚೆ ನಲವತ್ತು ದಿನ ನಾವು ಕಥೋಲಿಕರು ವ್ರತ ಹಿಡಿಯುತ್ತೇವೆ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ ಎಂದು ನಾನು ತುಸು ಹೆಮ್ಮೆಯಿಂದಲೇ ಹೇಳಿದೆ. ಅವರು ನಕ್ಕು, "ಅಂದರೆ ವಾರಕ್ಕೊಂದು ದಿನ ನೀವು ನಾವಾಗುತ್ತೀರಿ. ಅಷ್ಟೇ ತಾನೆ, ಭಾಯಿ?" ಎಂದರು. ಮೀನು ತಿನ್ನಲು ಅಡ್ಡಿಯಿಲ್ಲ ಎಂಬ ಸಂಗತಿಯೂ ಆಮೇಲೆ ನನ್ನ ಬಾಯಿಂದ ಹೊರಬಿತ್ತು. ಮೇಜಿಗೆ ಮೇಜೇ ನಕ್ಕಿತು.

ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಊರಿನಲ್ಲಿದ್ದಾಗ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಗುಜರಾತಿಗೆ ಬಂದ ಮೇಲೆ ನಮ್ಮ ತ್ಯಾಗವೆಲ್ಲ ಪಕ್ಕದ ಮನೆಯವರ ದಿನನಿತ್ಯದ ಊಟವಾಗಿ ಕಂಡಿತು. ಒಬ್ಬನ ತಪಸ್ಸು ಇನ್ನೊಬ್ಬನ ಸಹಜ ಬದುಕಾದರೆ, ಆ ತಪಸ್ಸಿನ ಬೆಲೆ ಏನು?

ಸಂಘದ ಬಂಧುಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲವಾದುದರಿಂದ ಎರಡು ಮಾತು ವಿವರಿಸಬೇಕು. ವಿಭೂತಿ ಬುಧವಾರದಂದು ಗುರುಗಳು ನಮ್ಮ ಹಣೆಗೆ ಬೂದಿ ಇಡುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಹಂಚಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಅಂದಿನಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನವಾಗುತ್ತದೆ. ಭಾನುವಾರ ಉಪವಾಸದ ದಿನವಲ್ಲ, ಆದ್ದರಿಂದ ಆರು ಭಾನುವಾರ ಕಳೆದು 40. ಯೇಸುಸ್ವಾಮಿ ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪು ಇದು. ನಮ್ಮ ಅಜ್ಜಿಯರ ಕಾಲದ ಕಟ್ಟುನಿಟ್ಟು ಈಗಿಲ್ಲ. 1966ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ನಿಯಮಗಳನ್ನು ಬಹಳ ಸಡಿಲಿಸಿದರು. ಈಗ ಕಡ್ಡಾಯ ಉಪವಾಸವೆಂದರೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ ಹದಿನೆಂಟು ತುಂಬಿದವರಿಗೆ, ಅರವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ. ಆ ದಿನಗಳಲ್ಲೂ ಒಂದು ಪೂರ್ಣ ಊಟ, ಎರಡು ಅಲ್ಪಾಹಾರ ಮಾಡಬಹುದು. ನನ್ನ ಜೈನ ಮಿತ್ರರಿಗೆ ಇದನ್ನು ಹೇಳುವ ಧೈರ್ಯ ನನಗೆ ಈವರೆಗೆ ಬಂದಿಲ್ಲ. ಅವರ ಮನೆಯಾಕೆ ವರ್ಷಿತಪ ಮಾಡಿದವರು. ಒಂದು ವರ್ಷಕ್ಕೂ ಮೇಲ್ಪಟ್ಟು ದಿನ ಬಿಟ್ಟು ದಿನ ನಿರಾಹಾರವಿದ್ದು ಅಕ್ಷಯ ತೃತೀಯದಂದು ಕಬ್ಬಿನ ಹಾಲಿನಿಂದ ಪಾರಣೆ ಮಾಡಿದವರು. ಚೈತ್ರದಲ್ಲಿ, ಹೆಚ್ಚುಕಡಿಮೆ ನಮ್ಮ ಪವಿತ್ರ ವಾರದ ಸುಮಾರಿಗೆ, ಅವರಿಬ್ಬರೂ ಒಂಬತ್ತು ದಿನ ಆಯಂಬಿಲ್ ಮಾಡುತ್ತಾರೆ: ಎಣ್ಣೆ, ತುಪ್ಪ, ಹಾಲು, ಮಸಾಲೆ ಏನೂ ಇಲ್ಲದ ಸಪ್ಪೆ ಊಟ, ದಿನಕ್ಕೆ ಒಂದೇ ಹೊತ್ತು.

ಆದರೂ ನ್ಯಾಯವಾಗಿ ಹೇಳಬೇಕಾದರೆ ಮೀನಿನ ವಿನಾಯಿತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಅದೇ ಮೇಜಿನ ಇನ್ನೊಬ್ಬ ಮಿತ್ರರು ಏಕಾದಶಿಯಂದು ಫರಾಳವೆಂದು ತರುವ ಸಾಬೂದಾನಿ ವಡೆ, ಆಲೂಗಡ್ಡೆ ಚಿಪ್ಸ್, ಶ್ರೀಖಂಡ ನೋಡಿದರೆ ಉಳಿದ ದಿನವೇ ಉಪವಾಸವೆನ್ನಬೇಕು! 2025ರಲ್ಲಿ ರಮ್ಜಾನ್ ಮಾರ್ಚ್ 2ಕ್ಕೂ ನಮ್ಮ ವಿಭೂತಿ ಬುಧವಾರ ಮಾರ್ಚ್ 5ಕ್ಕೂ ಬಂದವು. ಆಗ ಉಧ್ನಾದ ನಮ್ಮ ಗಲ್ಲಿಯಲ್ಲಿ ಸಂಜೆಯ ಭಜಿಯಾ ಅಂಗಡಿಗೆ ವ್ರತಸ್ಥರ ದೊಡ್ಡ ಸಾಲೇ ನಿಲ್ಲುತ್ತಿತ್ತು. ಮನುಷ್ಯ ಒಂದು ಕೈಯಲ್ಲಿ ಬಿಟ್ಟುದನ್ನು ಇನ್ನೊಂದು ಕೈಯಲ್ಲಿ ಹಿಡಿಯುತ್ತಾನೆ. ಇದರಲ್ಲಿ ಜಾತಿಮತದ ಭೇದವಿಲ್ಲ.

ನಾನು ಕನಕಪುರದ ಕಡೆಯವನು. ಅಲ್ಲಿನ ಹಾರೋಬೆಲೆಯಲ್ಲಿ ಶುಭ ಶುಕ್ರವಾರದ ಹೊತ್ತಿಗೆ ಆಡುವ ಯೇಸುವಿನ ಪಾಡಿನ ನಾಟಕವನ್ನು ಬಲ್ಲವರು ನಿಮ್ಮಲ್ಲೂ ಇರಬಹುದು. ನಮ್ಮ ಮನೆಯಲ್ಲಿ ತಪಸ್ಸುಕಾಲವೆಂದರೆ ನಲವತ್ತು ದಿನವೂ ಮುದ್ದೆ, ಸೊಪ್ಪಿನ ಸಾರು. ಮದುವೆಯ ಮಾತಿಲ್ಲ, ಹೊಸ ಬಟ್ಟೆಯಿಲ್ಲ. ಅವ್ವ ಅಕ್ಕಿ ತೊಳೆಯುವ ಮುಂಚೆ ಪ್ರತಿದಿನ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ನಮಗೆ ಅನ್ನವೇ ಅಪರೂಪ, ಅದರಲ್ಲೂ ಹಿಡಿ ಕಡಿಮೆ! ಗರಿಗಳ ಭಾನುವಾರದ ಹೊತ್ತಿಗೆ ಗಡಿಗೆ ತುಂಬಿರುತ್ತಿತ್ತು. ಅದು ಬೀದಿಯ ಕೊನೆಯಲ್ಲಿದ್ದ, ಮಕ್ಕಳಿಲ್ಲದ ಮುದುಕಿಯೊಬ್ಬಳ ಮನೆಗೆ ಹೋಗುತ್ತಿತ್ತು. ಅವ್ವನಿಗೆ ಇದೊಂದು ಸಿದ್ಧಾಂತವಾಗಿರಲಿಲ್ಲ. ನಾವು ತಿನ್ನದ್ದು ಎಲ್ಲಿಗೋ ಹೋಗಬೇಕಲ್ಲ, ಅಷ್ಟೆ.

ಆ ಗಡಿಗೆ ನನಗೆ ಮತ್ತೆ ನೆನಪಾದದ್ದು 2020ರಲ್ಲಿ.

ಉಧ್ನಾದಲ್ಲಿ ಇರುವವರಿಗೆ ಮಗ್ಗದ ಸದ್ದೇ ಗಡಿಯಾರ. ಹಗಲಿರುಳು ಖಟಾಖಟ್ ಎನ್ನುತ್ತಿದ್ದ ವಿದ್ಯುತ್ ಮಗ್ಗಗಳೆಲ್ಲ ಮಾರ್ಚ್ ಕೊನೆಯ ವಾರದಲ್ಲಿ ಒಮ್ಮೆಗೇ ನಿಂತವು. ಮೊದಲ ಎರಡು ರಾತ್ರಿ ಆ ಮೌನಕ್ಕೆ ನನಗೆ ನಿದ್ದೆ ಬರಲಿಲ್ಲ. ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಒಡಿಶಾದ ಗಂಜಾಂ ಕಡೆಯ ಕಾರ್ಮಿಕರ ಮೆಸ್ ಇದೆ. ಒಂದು ಕೋಣೆಯಲ್ಲಿ ಹತ್ತಾರು ಜನ. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುತ್ತಾನೆ. ನೇಯ್ದ ಮೀಟರಿಗೆ ಇಷ್ಟು ಎಂದು ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಿತು. ಏಪ್ರಿಲ್ ಮೊದಲ ವಾರ ನನ್ನ ಸಂಬಳ ಮಾತ್ರ ಎಂದಿನಂತೆ ಬ್ಯಾಂಕಿಗೆ ಬಂತು. ಅದೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರ ತುಟ್ಟಿಭತ್ಯೆಯ ಮೂರು ಕಂತು ತಡೆಹಿಡಿದಾಗ ನಾವು ಗುಮಾಸ್ತರು ಫೋನಿನಲ್ಲಿ ಗಂಟೆಗಟ್ಟಲೆ ಗೊಣಗಿದೆವು. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಆ ವರ್ಷ ಶುಭ ಶುಕ್ರವಾರ ಏಪ್ರಿಲ್ 10ಕ್ಕೆ ಬಂತು. ಇಗರ್ಜಿಗೆ ಬೀಗ. ಮಧ್ಯಾಹ್ನ ಮೂರಕ್ಕೆ ನಾನು, ಹೆಂಡತಿ, ಮಗಳು ಮೊಬೈಲನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿ ಆರಾಧನೆ ನೋಡುತ್ತಿದ್ದೆವು. ನಾನು ಹಿಂದಿನ ರಾತ್ರಿಯಿಂದ ನೀರು ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಆ ವರ್ಷ ಪೂರ್ಣ ಉಪವಾಸ ಮಾಡಬೇಕೆಂದು ಹಟ ಹಿಡಿದಿದ್ದೆ. ಯೇಸುವಿನ ಪಾಡಿನ ಪಾಠ ನಡೆಯುತ್ತಿರುವಾಗ ಯಾರೋ ಬಾಗಿಲು ತಟ್ಟಿದರು. ಕಿಟಕಿಯ ಸಂದಿಯಿಂದ ನೋಡಿದೆ. ಮೆಸ್ಸಿನ ಹುಡುಗ. ದಿನವೂ ನಲ್ಲಿಯ ಹತ್ತಿರ ನೋಡುವ ಮುಖ. ರೋಗದ ಭಯ ಒಂದು ಕಡೆ, ಪ್ರಾರ್ಥನೆಯ ನಡುವೆ ಏಳುವುದೇ ಎಂಬ ಬೇಸರ ಇನ್ನೊಂದು ಕಡೆ. ಹೆಂಡತಿ ನನ್ನ ಮುಖ ನೋಡಿದಳು. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಅವನು ಮತ್ತೊಮ್ಮೆ ತಟ್ಟಿ ಹೋದ.

ಆ ರಾತ್ರಿ ಸೂರತ್ತಿನ ಇನ್ನೊಂದು ಮೂಲೆಯಾದ ಲಸ್ಕಾಣಾದಲ್ಲಿ ನೂರಾರು ಕಾರ್ಮಿಕರು ಬೀದಿಗಿಳಿದರು. ಕೂಲಿ ಕೊಡಿ, ಇಲ್ಲವೇ ಊರಿಗೆ ಕಳಿಸಿ ಎಂದು ಕೇಳಿದರು; ಕೈಗಾಡಿಗಳಿಗೆ ಬೆಂಕಿ ಹಚ್ಚಿದರು. ಮಾರನೆಯ ದಿನ ದೇಶದ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಅದನ್ನು ಓದುವಾಗ ನಾನು ಉಪವಾಸ ಮುರಿದು ಹನ್ನೆರಡು ಗಂಟೆಯಾಗಿತ್ತು.

ನಾನು ಬಿ.ಎಸ್ಸಿ. ಓದಿದವನು. ಭೌತಶಾಸ್ತ್ರದಲ್ಲಿ ಒಂದು ಪಾಠವಿದೆ: ಗೋಡೆಯನ್ನು ಬೆವರು ಸುರಿಯುವಂತೆ ತಳ್ಳಿದರೂ ಅದು ಸರಿಯದಿದ್ದರೆ ಗೋಡೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಆ ದಿನದ ನನ್ನ ಉಪವಾಸ ಅಂಥದ್ದು. ಶ್ರಮವೇನೋ ಇತ್ತು, ಯಾವುದೂ ಜಾಗ ಬಿಟ್ಟು ಕದಲಲಿಲ್ಲ. ಬಾಗಿಲು ಕೂಡ.

ಆಮೇಲೆ ಈ ವಿಷಯವನ್ನು ತುಂಬ ಯೋಚಿಸಿದ್ದೇನೆ. ಉಪವಾಸಕ್ಕೂ ಹಸಿವಿಗೂ ಹೊಟ್ಟೆಯೊಳಗೆ ಆಗುವ ಸಂಕಟ ಒಂದೇ ಇರಬಹುದು. ಆದರೆ ನನ್ನ ಸಂಕಟ ಸಂಜೆ ಆರಕ್ಕೆ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ಅಡಿಗೆಮನೆಯಲ್ಲಿ ಅಕ್ಕಿ ಇತ್ತು. ಅವನಿಗೆ ಆರು ಗಂಟೆ ಎಂಬುದೇ ಇರಲಿಲ್ಲ. ಮುಗಿಯುವ ಹೊತ್ತು ತಿಳಿದಿರುವ ಹಸಿವನ್ನು ಹಸಿವೆನ್ನಬಹುದೇ? ಉಂಡವನು ಮಾತ್ರ ಉಪವಾಸ ಮಾಡಬಲ್ಲ. ಇಲ್ಲದವನ ಉಪವಾಸಕ್ಕೆ ಯಾವ ಧರ್ಮವೂ ಪುಣ್ಯ ಬರೆದುಕೊಳ್ಳುವುದಿಲ್ಲ.

ಈ ರಾಜ್ಯದಲ್ಲಿ ಈ ಪ್ರಶ್ನೆ ಹೊಸದೇನಲ್ಲ. 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಶೇಕಡಾ 35 ಹೆಚ್ಚು ಕೂಲಿಗಾಗಿ ನಿಂತಾಗ ಗಾಂಧೀಜಿಯವರೂ ಅನಸೂಯಾಬೆನ್ ಸಾರಾಭಾಯಿಯವರೂ ಅವರ ಜೊತೆಗಿದ್ದರು. ವಾರಗಳು ಕಳೆದಂತೆ ಕಾರ್ಮಿಕರ ಮನೆಗಳಲ್ಲಿ ಹಿಟ್ಟು ಮುಗಿಯಿತು. ಇವರಿಗೇನು, ಮೋಟಾರಿನಲ್ಲಿ ಬರುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ, ಸಾಯುವವರು ನಾವು ಎಂಬರ್ಥದ ಮಾತು ಒಂದು ಚಾಳಿನಿಂದ ಗಾಂಧೀಜಿಯವರ ಕಿವಿಗೆ ಬಿತ್ತು. ಮಾರ್ಚ್ 15ರಂದು ಅವರು ಊಟ ಬಿಟ್ಟರು, 18ರಂದು ಒಪ್ಪಂದವಾಯಿತು. ಪಂಚಾಂಗ ಲೆಕ್ಕ ಹಾಕಿ ನೋಡಿದೆ: ಆ ವರ್ಷ ಈಸ್ಟರ್ ಮಾರ್ಚ್ 31. ಎಂದರೆ ಅವರು ಊಟ ಬಿಟ್ಟದ್ದು ತಪಸ್ಸುಕಾಲದ ಒಂದು ಶುಕ್ರವಾರ. ಅದು ಕೇವಲ ಕಾಕತಾಳೀಯ. ಆ ಉಪವಾಸದಲ್ಲಿ ದೋಷವಿತ್ತು, ಮಿತ್ರರಾದ ಗಿರಣಿ ಮಾಲೀಕರ ಮೇಲೆ ಅದರಿಂದ ಒತ್ತಡ ಬಿತ್ತು ಎಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅದು ಇರಲಿ. ನನ್ನನ್ನು ತಡೆದು ನಿಲ್ಲಿಸುವುದು ಆ ಚಾಳಿನ ಮಾತು, ಮತ್ತು ಅದನ್ನು ಕೇಳಿ ಸಿಟ್ಟಾಗದೆ ತನ್ನ ತಟ್ಟೆಯನ್ನು ಸರಿಸಿದ ರೀತಿ.

ನಮ್ಮ ತಪಸ್ಸುಕಾಲದ ಎರಡು ತುದಿಗಳನ್ನು ಜೋಡಿಸಿ ನೋಡಿದರೂ ಇದೇ ಕಾಣುತ್ತದೆ. ಆರಂಭದಲ್ಲಿ ಮರುಭೂಮಿಯ ಹಸಿವು. ಅದು ಯೇಸು ತಾನಾಗಿ ಆರಿಸಿಕೊಂಡದ್ದು, ನಲವತ್ತು ದಿನಕ್ಕೆ ಮುಗಿದದ್ದು. ಕೊನೆಯಲ್ಲಿ ಶಿಲುಬೆಯ ಮೇಲಿನ ಬಾಯಾರಿಕೆ. ಅದು ವ್ರತವಲ್ಲ, ಬೇರೆಯವರು ಕೊಟ್ಟ ಶಿಕ್ಷೆ, ಅದರಿಂದ ಎದ್ದುಹೋಗುವಂತಿಲ್ಲ. ಮೊದಲನೆಯದನ್ನು ನಾವು ಶ್ರದ್ಧೆಯಿಂದ ಅನುಕರಿಸುತ್ತೇವೆ. ಎರಡನೆಯದು ಮೆಸ್ಸಿನ ಹುಡುಗನ ರೂಪದಲ್ಲಿ ಬಾಗಿಲಿಗೆ ಬಂದರೆ ಕೈಸನ್ನೆ ಮಾಡುತ್ತೇವೆ.

ಹಾಗಾದರೆ ಉಪವಾಸವೇ ಬೇಡ, ದಾನ ಮಾಡಿದರೆ ಸಾಕಲ್ಲ ಎಂದು ಮಗಳು ವಾದಿಸುತ್ತಾಳೆ. ಅವಳ ಮಾತನ್ನು ತಳ್ಳಿಹಾಕಲಾರೆ, ಪೂರ್ತಿ ಒಪ್ಪಲಾರೆ. ತುಂಬಿದ ಹೊಟ್ಟೆಯಿಂದ ಕೊಡುವ ದಾನಕ್ಕೆ ಒಂದು ಠೀವಿ ಬಂದುಬಿಡುತ್ತದೆ. ಅವ್ವನ ಗಡಿಗೆಯಲ್ಲಿ ಆ ಠೀವಿ ಇರಲಿಲ್ಲ, ಏಕೆಂದರೆ ಆ ಹಿಡಿ ಅಕ್ಕಿ ನಮ್ಮ ತಟ್ಟೆಯಿಂದಲೇ ಕಡಿಮೆಯಾಗಿತ್ತು. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ಹುಟ್ಟಿದ, ಹೆರ್ಮಾಸ್ ಎಂಬವನ ಹೆಸರಿನ ಒಂದು ಹಳೆಯ ಕ್ರೈಸ್ತ ಗ್ರಂಥದಲ್ಲೂ ಇದೇ ಪದ್ಧತಿ ಹೇಳಿದೆ: ಉಪವಾಸದ ದಿನ ನೀನು ಉಣ್ಣದೆ ಬಿಟ್ಟ ಊಟದ ಬೆಲೆಯನ್ನು ಲೆಕ್ಕ ಹಾಕಿ ವಿಧವೆಗೋ ಅನಾಥನಿಗೋ ಕೊಡಬೇಕಂತೆ. ಕನಕಪುರದ ಅವ್ವ ರೋಮಿನ ಗ್ರಂಥ ಓದಿರಲಿಲ್ಲ.

ಗುಮಾಸ್ತನಿಗೆ ಲೆಕ್ಕವೆಂದರೆ ಪ್ರೀತಿ. 2021ರ ತಪಸ್ಸುಕಾಲದಲ್ಲಿ ಒಂದು ನೋಟುಪುಸ್ತಕ ಇಟ್ಟೆ. ಮೊದಲ ಶುಕ್ರವಾರವೇ ಎಡವಟ್ಟಾಯಿತು. ಮಾಂಸ ಬಿಟ್ಟು ಪಾಂಫ್ರೆಟ್ ತಂದಿದ್ದೆವು. ಅದು ಕೋಳಿಗಿಂತ ದುಬಾರಿ. ವ್ರತದಲ್ಲಿ ನಷ್ಟ! ಲೆಕ್ಕಪರಿಶೋಧಕರು ಬಂದಿದ್ದರೆ ಆಕ್ಷೇಪಣೆ ಬರೆದುಹೋಗುತ್ತಿದ್ದರು. ಅಂದಿನಿಂದ ಶುಕ್ರವಾರ ಮೀನು ನಿಂತಿತು. ಉಳಿದ ಹಣದಲ್ಲಿ ಅಕ್ಕಿ, ಬೇಳೆ ತಂದಿಡುತ್ತೇವೆ. ದೊಡ್ಡ ಮೊತ್ತವೇನಲ್ಲ.

ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಫಾದರ್ ವಾಲೆಸ್ ಅವರನ್ನು ಇಲ್ಲಿ ನೆನೆಯಬೇಕು. ಸ್ಪೇನಿನಲ್ಲಿ ಹುಟ್ಟಿ, ಗುಜರಾತಿಯಲ್ಲಿ ಬರೆದು, ಗುಜರಾತಿಗಳ ಅಚ್ಚುಮೆಚ್ಚಿನ ಲೇಖಕರಾದವರು. 2020ರ ನವೆಂಬರಿನಲ್ಲಿ ತೀರಿಕೊಂಡರು. ಅವರು ಮಠದ ಕೋಣೆ ಬಿಟ್ಟು ಹಳೆಯ ನಗರದ ಪೋಳ್‌ಗಳಲ್ಲಿ ವರ್ಷಗಟ್ಟಲೆ ಮನೆಯಿಂದ ಮನೆಗೆ ಆಶ್ರಯ ಬೇಡಿ, ಆ ಮನೆಯವರು ಉಂಡದ್ದನ್ನೇ ಉಂಡು ಬಾಳಿದರು. ಒಬ್ಬ ಪಾದ್ರಿ ತಾನೇ ಹೋಗಿ ಬಾಗಿಲು ತಟ್ಟುವುದು ಎಂಥ ತಪಸ್ಸೆಂದು ನನಗೆ ಅರ್ಥವಾದದ್ದು, ನಾನು ಬಾಗಿಲು ತೆರೆಯದಿದ್ದ ಮೇಲೆ. ಅವರಿಗೆ ತೆರೆದ ಹೆಚ್ಚಿನ ಬಾಗಿಲುಗಳು ಹಿಂದೂ ಮನೆಗಳವು.

ಆ ಹುಡುಗ 2020ರ ಮೇ ತಿಂಗಳಲ್ಲಿ ಶ್ರಮಿಕ್ ರೈಲಿನಲ್ಲಿ ಊರಿಗೆ ಹೋದ. ಮಗ್ಗಗಳು ಮತ್ತೆ ಶುರುವಾದ ಮೇಲೆ ಹಿಂದಿರುಗಿದ. ನಲ್ಲಿಯ ಹತ್ತಿರ ಕಂಡಾಗಲೆಲ್ಲ ನಾನೇ ಬೇರೆ ಕಡೆ ನೋಡುತ್ತಿದ್ದೆ.

ಪುನರುತ್ಥಾನದ ನಂತರ ಯೇಸು ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಹಿಡಿಸುವುದು ಒಂದು ಸಣ್ಣ ಕೆಲಸ. ಸರೋವರದ ದಡದಲ್ಲಿ ಕೆಂಡ ಹೊತ್ತಿಸಿ ಮೀನು ಸುಟ್ಟು, ರೊಟ್ಟಿ ಇಟ್ಟು, ರಾತ್ರಿಯೆಲ್ಲ ದುಡಿದು ಬಂದ ಶಿಷ್ಯರನ್ನು ತಿಂಡಿಗೆ ಕರೆದ. ಅವರಲ್ಲಿ ಪೇತ್ರನೂ ಇದ್ದ, ಮೂರು ಸಲ ತಾನು ಇವನನ್ನು ಅರಿಯೆನೆಂದವನು. ಊಟ ಮುಗಿಯುವವರೆಗೆ ಯೇಸು ಅವನಿಗೆ ಏನೂ ಹೇಳಲಿಲ್ಲ.

2022ರಲ್ಲಿ ಈಸ್ಟರ್ ಏಪ್ರಿಲ್ 17ಕ್ಕೆ ಬಂತು. ಹೆಂಡತಿ ದೊಡ್ಡ ಪಾತ್ರೆಯಲ್ಲಿ ಮೀನಿನ ಸಾರು ಮಾಡಿದಳು. ನಾನು ಹೊತ್ತುಕೊಂಡು ಮೆಸ್ಸಿಗೆ ಹೋದೆ. ಒಡಿಯಾದವರಿಗೆ ಮೀನೆಂದರೆ ಪ್ರಾಣ. ಮಲಗಿದ್ದವರೂ ಎದ್ದು ಕೂತರು. ಆ ಹುಡುಗ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ಕೂತ. ತಡೆಯಲಾರದೆ ಕೇಳಿಯೇಬಿಟ್ಟೆ: ಲಾಕ್‌ಡೌನಿನಲ್ಲಿ ಒಂದು ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದ್ದೆಯಲ್ಲ, ಏನು ಬೇಕಿತ್ತು?

ಅವನು ಮುಳ್ಳು ಬಿಡಿಸುತ್ತ ಸ್ವಲ್ಪ ಯೋಚಿಸಿದ. "ನೆನಪಿಲ್ಲ, ಬಾಬೂಜಿ," ಎಂದ. "ಆಗ ಎಷ್ಟೋ ಬಾಗಿಲು ತಟ್ಟಿದ್ದೆವು."

ಪಾತ್ರೆಯನ್ನು ತೊಳೆದು ಸಂಜೆ ಅವನೇ ತಂದುಕೊಟ್ಟ.