ತಪಾಸಣೆಯ ನಂತರ ಯಾರ ಹೊಣೆ?

ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಬಂದದ್ದು ಬಿನ್ನಿ ಮಿಲ್ಲಿನಿಂದ. 1884ರಲ್ಲಿ ಆರಂಭವಾದ ಆ ಗಿರಣಿಯನ್ನು ನಂಬಿ ಅನೇಕ ಕುಟುಂಬಗಳು ಸುತ್ತಮುತ್ತ ನೆಲೆಸಿದವು. ಇಂದು ಗಿರಣಿಯಿಲ್ಲ, ಅದರ ಜಾಗದಲ್ಲಿ ಬಹುಮಹಡಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಹಿಂದಿನ ಓಣಿಗಳಲ್ಲಿ, ಪಕ್ಕದ ಪಾದರಾಯನಪುರ, ಜಗಜೀವನರಾಂ ನಗರಗಳಲ್ಲಿ ಊದುಬತ್ತಿ ಹೊಸೆದು, ಬಟ್ಟೆ ಹೊಲಿದು, ಆಟೋ ಓಡಿಸಿ ಬದುಕುವ ಮನೆಗಳಿವೆ. ಇಂಥ ಪ್ರದೇಶಗಳ ಶಾಲೆಗಳಲ್ಲಿ ಆಗಾಗ ಉಚಿತ ಆರೋಗ್ಯ ತಪಾಸಣಾ ಶಿಬಿರಗಳು ನಡೆಯುತ್ತವೆ. ಶಾಮಿಯಾನ, ಬ್ಯಾನರ್, ಬಿಸ್ಕತ್ತು, ಸಾಲಾಗಿ ನಿಂತ ಮಕ್ಕಳು. ಸಂಜೆಯ ಹೊತ್ತಿಗೆ ಎಲ್ಲ ಮುಗಿದು, ಕೆಲವು ಮಕ್ಕಳ ಕೈಯಲ್ಲಿ ಒಂದೊಂದು ಚೀಟಿ ಉಳಿದಿರುತ್ತದೆ.

ನಾವೂ ಇಂಥ ಶಿಬಿರಗಳಲ್ಲಿ ಕುರ್ಚಿ ಹಾಕಿದ್ದೇವೆ, ಹೆಸರು ಬರೆದಿದ್ದೇವೆ. ಎಷ್ಟು ಮಕ್ಕಳ ತಪಾಸಣೆಯಾಯಿತು ಎಂದು ಲೆಕ್ಕವಿಟ್ಟಿದ್ದೇವೆ. ಆದರೆ ಅವರಲ್ಲಿ ಎಷ್ಟು ಮಂದಿಗೆ ಕನ್ನಡಕ ಸಿಕ್ಕಿತು, ಎಷ್ಟು ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು ಎಂದು ಕೇಳಿದ್ದೇವೆಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ.

ತಪಾಸಣೆಯ ಅಗತ್ಯದ ಬಗ್ಗೆ ಯಾರಿಗೂ ಸಂದೇಹವಿರಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಶಾಲೆಗೆ ಬರುವುದು ಇದೇ ಮಕ್ಕಳು. ದೃಷ್ಟಿದೋಷವಿರುವ ಮಗುವಿಗೆ ಬೋರ್ಡು ಎಲ್ಲರಿಗೂ ಹೀಗೆಯೇ ಮಸುಕಾಗಿ ಕಾಣುತ್ತದೆಂಬ ಭಾವನೆ. ಮೇಷ್ಟ್ರು ಅದನ್ನು ದಡ್ಡ ಎನ್ನುತ್ತಾರೆ, ಮಗುವೂ ನಂಬುತ್ತದೆ.

ಆದರೆ ದೋಷವನ್ನು ಕಂಡುಹಿಡಿದು ಎದ್ದು ಹೋಗುವುದು ಸರಿಯೇ? ಈ ಪ್ರಶ್ನೆ ಹಳೆಯದು. ಇಂಗ್ಲೆಂಡಿನಲ್ಲಿ 1907ರ ಕಾನೂನು ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯನ್ನು ಕಡ್ಡಾಯಗೊಳಿಸಿತು, ಚಿಕಿತ್ಸೆಯನ್ನು ಮಾತ್ರ ಸ್ಥಳೀಯ ಸಂಸ್ಥೆಗಳ ಇಚ್ಛೆಗೆ ಬಿಟ್ಟಿತು. ಚಿಕಿತ್ಸೆಯ ಹೊಣೆಯನ್ನು ಕಾನೂನಿನಲ್ಲಿ ಸೇರಿಸಲು 1918ರವರೆಗೆ ಕಾಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ರೂಪಿಸಿದ ಸೂತ್ರಗಳು ಎರಡು ಮಾತನ್ನು ಸ್ಪಷ್ಟವಾಗಿ ಹೇಳಿದವು: ಚಿಕಿತ್ಸೆಯ ಸೌಲಭ್ಯವಿರಬೇಕು, ತಪಾಸಣೆ ಒಂದು ದಿನಕ್ಕೆ ಮುಗಿಯದೆ ನಿರಂತರವಾಗಿ ನಡೆಯಬೇಕು. ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಯ ಜೊತೆಗೆ ಉಚಿತ ಚಿಕಿತ್ಸೆಯನ್ನೂ ಸೇರಿಸಿಕೊಂಡಿದೆ.

ಹಾಗಾದರೆ ತೊಡಕು ಎಲ್ಲಿದೆ? ಮಿಂಟೋ ಕಣ್ಣಾಸ್ಪತ್ರೆ, ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳು ಬಿನ್ನಿಪೇಟೆಗೆ ಕೆಲವೇ ಕಿಲೋಮೀಟರು. ಆದರೆ ದಿನಗೂಲಿಯ ತಾಯಿಗೆ ಆ ದೂರದ ಬೆಲೆ ಒಂದು ದಿನದ ಕೂಲಿ. ಚೀಟಿ ಬರೆಸಬೇಕು, ಸಾಲಿನಲ್ಲಿ ನಿಲ್ಲಬೇಕು, ಮರುವಾರ ಮತ್ತೆ ಬರಬೇಕು. ಗಂಟಲು ನೋವಿನಿಂದ ಶುರುವಾಗಿ ಹೃದಯದ ಕವಾಟಕ್ಕೆ ತಗಲುವ ರುಮ್ಯಾಟಿಕ್ ರೋಗವಾದರಂತೂ ಮೂರು ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಬೇಕು. ಇಷ್ಟನ್ನೂ ಒಂದು ಚೀಟಿಯ ಮೂಲಕ ಆ ತಾಯಿಯ ಹೆಗಲಿಗೆ ದಾಟಿಸಿ, ನಾವು ಪುಣ್ಯ ಕಟ್ಟಿಕೊಂಡೆವೆಂದು ಮನೆಗೆ ಹೋಗುತ್ತೇವೆ. ಮುಂದೆ ಮಗು ನರಳಿದರೆ "ಹೇಳಿದ್ದೆವಲ್ಲ, ಅವರೇ ಹೋಗಲಿಲ್ಲ" ಎನ್ನುವುದೂ ನಾವೇ.

ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಚೀಟಿ ಹಿಡಿದು ಹೋಗಿ ಗುಣವಾದ ಮಕ್ಕಳೂ ಇದ್ದಾರೆ. ಆದರೆ ತಿಳಿಯದೆ ಇದ್ದಾಗ ನಮ್ಮ ಮೇಲೆ ಇರದ ಹೊಣೆ, ತಿಳಿದ ಮೇಲೆ ಬಂದೇ ಬರುತ್ತದೆ. ಮಗುವಿನ ಕಾಯಿಲೆಯನ್ನು ಹೆಸರಿಟ್ಟು ಕರೆದವರು ಆ ಮಗುವಿಗೆ ಒಂದು ಮಾತು ಕೊಟ್ಟಂತೆ.

ಆ ಮಾತನ್ನು ಉಳಿಸಿಕೊಳ್ಳಲು ಬಹಳ ಹಣ ಬೇಕಿಲ್ಲ. ಚೀಟಿ ಪಡೆದ ಮಕ್ಕಳ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಬಿಡುವಿರುವ ಒಬ್ಬರು ವಾರಕ್ಕೊಂದು ಬೆಳಿಗ್ಗೆ ಆ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದರೆ ಸಾಕು. ಕನ್ನಡಕ ಬಂದ ಮೇಲೆ ಮಗಳಿಗೆ ಗಂಡು ಸಿಗುವುದಿಲ್ಲವೆಂದು ಅದನ್ನು ಪೆಟ್ಟಿಗೆಯಲ್ಲಿಡುವ ಮನೆಗಳಿದ್ದರೆ, ಅಲ್ಲಿಗೆ ಹೋಗಿ ಕುಳಿತು ಮಾತಾಡಬೇಕು. ಮುಂದಿನ ಶಿಬಿರ ನಡೆಸುವ ಮೊದಲು ಹಿಂದಿನ ಶಿಬಿರದ ಪಟ್ಟಿಯನ್ನು ತೆರೆದು ನೋಡೋಣ. ಅದರಲ್ಲಿ ಗುರುತು ಬೀಳದ ಹೆಸರುಗಳು ಉಳಿದಿದ್ದರೆ, ಶಾಮಿಯಾನ ಹಾಕಲು ಇನ್ನೂ ಸಮಯವಾಗಿಲ್ಲ ಎಂದೇ ಅರ್ಥ.