ಲೆಕ್ಕಕ್ಕೆ ಸಿಗದ ಏಟು

ದೇಶದ ಅಪರಾಧಗಳ ಲೆಕ್ಕ ಎಲ್ಲಿ ಸಿಗುತ್ತೆ ಅಂತ ಆಫೀಸಿನ ಗೆಳೆಯ ಕೇಳಿದ. ಸುಲಭ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವೆಬ್‌ಸೈಟಿನಲ್ಲಿ ‘ಕ್ರೈಮ್ ಇನ್ ಇಂಡಿಯಾ’ ವರದಿ ಇದೆ, 1953ರಿಂದ ಬರುತ್ತಿರುವಂಥದ್ದು. ಆದರೆ ಅದು ನಡೆದ ಅಪರಾಧಗಳ ಲೆಕ್ಕ ಅಲ್ಲ, ಠಾಣೆಯಲ್ಲಿ ದಾಖಲಾದವುಗಳ ಲೆಕ್ಕ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಎಲ್ಲಕ್ಕಿಂತ ದೊಡ್ಡದನ್ನಷ್ಟೇ ಎಣಿಸುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019–21ರಲ್ಲಿ ಮನೆಗಳಿಗೇ ಹೋಗಿ ಹೆಣ್ಣುಮಕ್ಕಳನ್ನು ಕೇಳಿದರು. ಕರ್ನಾಟಕದಲ್ಲಿ ಮದುವೆಯಾದವರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದರು. ಇವರಲ್ಲಿ ಎಷ್ಟು ಜನ ಠಾಣೆ ಮೆಟ್ಟಿಲು ಹತ್ತಿರಬಹುದು?

ಹತ್ತು ವರ್ಷದ ಹಿಂದೆ ಅಕ್ಕ ಪಂಚಮಿಗೆ ಮಹಾಲಿಂಗಪುರಕ್ಕೆ ಬಂದಾಗ ತುಟಿ ಒಡೆದಿತ್ತು. “ಸ್ಟೇಶನ್ನಿಗೆ ಹೋಗೂಣೇನೋ ತಮ್ಮಾ?” ಅಂದಳು. ಅಪ್ಪ, ಅವ್ವ ಸುಮ್ಮನಿದ್ದರು. ಬಿಇ ಓದಿದ ನಾನೇ ಹೇಳಿದೆ: “ಬ್ಯಾಡ ಬಿಡಕ್ಕಾ, ಮನಿ ಮಾತು ಮನ್ಯಾಗ ಇರ್ಲಿ.”

ಅಂಕಿ ಸರಿಯಿಲ್ಲ ಅಂತ ಪೊಲೀಸರನ್ನು, ಸರ್ಕಾರವನ್ನು ಬೈಯೋದು ಸಲೀಸು. ಬಾಗಲಕೋಟೆ ಜಿಲ್ಲೆಯ ಆ ವರ್ಷದ ಲೆಕ್ಕದಲ್ಲಿ ಒಂದು ಕಡಿಮೆ ಮಾಡಿದವನು ನಾನು. ಅಪರಾಧ ಕಡಿಮೆ ತೋರಿಸೋ ಊರಲ್ಲಿ ಅಪರಾಧವೇ ಕಡಿಮೆಯೋ, ಅಥವಾ ನನ್ನಂಥ ತಮ್ಮಂದಿರು ಜಾಸ್ತಿಯೋ?

ಈ ಸಲ ಪಂಚಮಿಗೆ ಅಕ್ಕನಿಗೆ ಇದನ್ನೇ ಹೇಳಿದೆ. ಉಂಡಿ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. “ಆವಾಗ ಹೇಳಬೇಕಿತ್ತಲ್ಲೋ,” ಅಂದಳು.